ಟವಲ್ ಕೆಳಗೆ ಕಟ್ಟಿಸಿದ ಇಂಜಿನ್

ಮೊದಲ ಸಲ ಒಂದು ಲಕ್ಷದ ಹದಿನೈದು ಸಾವಿರ, ಎರಡನೇ ಸಲ ಒಂದು ಲಕ್ಷದ ನಲವತ್ತೈದು ಸಾವಿರ. ಒಂದೇ ಲಾರಿ, ಒಂದೇ ಇಂಜಿನ್, ನಡುವೆ ಓಡಿದ್ದು ನಲವತ್ತೊಂದು ದಿನ. ಎರಡನೆಯದಕ್ಕೆ ನನ್ನ ಹೆಂಡತಿಯ ಎರಡು ಹಸು ಹೋದವು. ಮೊದಲನೆಯದು ಅಷ್ಟು ಅಗ್ಗಕ್ಕೆ ಆಗಿದ್ದು ಯಾಕೆಂದರೆ ನಾನು ಚೌಕಾಸಿಯಲ್ಲಿ ಗೆದ್ದೆ. ಎರಡನೆಯದು ಬೇಕಾಗಿದ್ದೂ ಅದೇ ಕಾರಣಕ್ಕೆ. ಇಷ್ಟು ಓದಿ ಪುಸ್ತಕ ಮುಚ್ಚಿಟ್ಟರೂ ನಿಮಗೆ ಅರ್ಧ ಲಾಭವಾಯಿತು. ಇನ್ನರ್ಧ ಬೇಕಾದರೆ ಕೂತು ಓದಿ. ಕಡೂರಿನ ಆ ಮೇಸ್ತ್ರಿಗೆ ನಾನೇನು ಮಾಡಿದೆ ಎನ್ನುವುದನ್ನು ಹೇಳದೆ ನನಗೂ ಸಮಾಧಾನವಿಲ್ಲ.

ನನ್ನ ಲಾರಿ ಹಳೆಯದು. ಆರು ಸಿಲಿಂಡರ್, ಈಗಿನವುಗಳ ಹಾಗೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಸ್ಪ್ಯಾನರ್ ಮತ್ತು ಒಳ್ಳೆಯ ಕಿವಿ ಇದ್ದವನು ರಿಪೇರಿ ಮಾಡಬಲ್ಲ. ಹನ್ನೆರಡು ವರ್ಷ ಅಜ್ಜಂಪುರದಲ್ಲಿ ಈರುಳ್ಳಿ ಮೂಟೆ ಹೊತ್ತೆ, ಐದು ವರ್ಷ ಬೇರೆಯವರ ಲಾರಿ ಓಡಿಸಿದೆ, ಕೊನೆಗೆ ಓಡಿಸುತ್ತಿದ್ದ ಲಾರಿಯನ್ನೇ ಕೊಂಡೆ. ಮನೆ ನಡೆಯುವುದು ಅದೊಂದರಿಂದ. ಅದು ನಿಂತರೆ ನಾನು ಮತ್ತೆ ಮೂಟೆಗೆ ಬೆನ್ನು ಕೊಡಬೇಕು. ಐವತ್ತರ ಮೇಲೆ ಯಾವ ಬೆನ್ನೂ ಅದಕ್ಕೆ ಒಪ್ಪುವುದಿಲ್ಲ.

ಮೂಟೆ ಹೊರುವಾಗ ಒಬ್ಬೊಬ್ಬ ವ್ಯಾಪಾರಿಯ ಮಾಲಿಗೂ ಒಂದೊಂದು ಗುರುತು ಹಾಕುತ್ತಿದ್ದೆವು. ಆ ಚಟ ನನ್ನನ್ನು ಬಿಡಲಿಲ್ಲ. ನನ್ನದು ಎನ್ನುವ ವಸ್ತುವಿಗೆಲ್ಲ ಒಂದು ಸೊನ್ನೆ, ಸೊನ್ನೆಯೊಳಗೆ ಎರಡು ಗೀಟು. ಜಾಕಿನ ಮೇಲೆ, ಟಾರ್ಪಾಲಿನ ಮೂಲೆಯಲ್ಲಿ, ಸ್ಟೆಪ್ನಿಯ ಮೇಲೆ, ಎಲ್ಲ ಕಡೆ. "ನನ್ನ ಬೆನ್ ಮ್ಯಾಲೂ ಒಂದು ಬರ್ದ್ಬಿಡು, ಕಳ್ದ್‌ಗಿಳ್ದ್ ಹೋದೇನು" ಎಂದು ಹೆಂಡತಿ ಅಣಕಿಸುತ್ತಿದ್ದಳು. ಎಂಟು ವರ್ಷದ ಹಿಂದೆ ಇಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್ ಹಾಕಿಸುವಾಗ, ಆಗಿನ ಮೇಸ್ತ್ರಿ ಟೀ ಕುಡಿಯಲು ಎದ್ದು ಹೋದ ಹೊತ್ತಿನಲ್ಲಿ, ಆರೂ ಪಿಸ್ಟನ್ನುಗಳ ಒಳಮೈಗೆ ಮೊಳೆಯಿಂದ ಅದೇ ಗುರುತು ಗೀಚಿದ್ದೆ. ಯಾಕೆ? ನನ್ನದು, ಅದಕ್ಕೆ, ಅಷ್ಟೆ.

ಈ ಸಲ ಆಷಾಢದ ಹೊತ್ತಿಗೆ ಲಾರಿ ಏರು ಕಂಡರೆ ಮುಖ ಸಿಂಡರಿಸತೊಡಗಿತು. ಈರುಳ್ಳಿ ಸೀಸನ್ ಶುರುವಾಗುವ ಮೊದಲು ಇಂಜಿನ್ ಬಿಚ್ಚಿಸಿ, ಹೊಸ ಸಾಮಾನು ಹಾಕಿಸಿ ಕಟ್ಟಿಸಲೇಬೇಕಿತ್ತು. ಮೊದಲು ಹೋಗಿದ್ದು ನಮ್ಮೂರಿನ ಮೇಸ್ತ್ರಿಯ ಹತ್ತಿರ. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಒಂದೇ ಲಾರಿ ಹಿಡಿಸುವ ಶೆಡ್ಡು. ಬೋರ್ಡಿಲ್ಲ. ಒಬ್ಬ ಮುದುಕ, ಒಂದು ಮರದ ಸ್ಟೂಲು.

"ಎಷ್ಟಾಯ್ತದೆ ಯಜಮಾನ್ರೇ?"

"ಸಾಮಾನು, ಮಜೂರಿ ಎಲ್ಲಾ ಸೇರಿ ಒಂದೂ ನಲ್ವತ್ತೈದು."

"ಸರಿಯಾಗಿ ಹೇಳಿ."

"ಸರಿಯಾಗೇ ಹೇಳ್ದೆ."

"ಊರವ್ನು ಕಣ್ರೀ ನಾನು."

"ಊರವ್ನು ಅಂತ್ಲೇ ಒಪ್ಕೊಂಡಿದ್ದು. ಬ್ಯಾರೆಯವ್ನಾಗಿದ್ರೆ ಕೈಯಲ್ಲಿ ಕೆಲ್ಸ ಐತೆ ಅಂತಿದ್ದೆ."

ಅದರ ಮೇಲೆ ಅವನದೊಂದು ಕಾನೂನು. ಸಾಮಾನನ್ನು ಅವನು ತರುವುದಿಲ್ಲ, ಚೀಟಿ ಬರೆದುಕೊಡುತ್ತಾನೆ, ನಾನೇ ಹೋಗಿ ತರಬೇಕು. ಕೆಲಸ ನಡೆಯುವಷ್ಟು ದಿನವೂ ನಾನು ಆ ಸ್ಟೂಲಿನ ಮೇಲೆ ಕೂತಿರಬೇಕು; ನಾನಿಲ್ಲದಾಗ ಅವನು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ಬಿಚ್ಚಿದ್ದನ್ನು ಡೀಸೆಲ್ಲಿನಲ್ಲಿ ತೊಳೆಯುವುದೂ ನನ್ನ ಕೆಲಸ. ದುಡ್ಡು ನಾನೇ ಕೊಟ್ಟು ಕೂಲಿಯೂ ನಾನೇ ಮಾಡಬೇಕೇ ಎಂದುಕೊಂಡೆ. ಒಂದು ರೂಪಾಯಿ ಇಳಿಸದವನ ಹತ್ತಿರ ವ್ಯವಹಾರ ಮಾಡುವುದು ನನಗೆ ಗೋಡೆಯ ಹತ್ತಿರ ಮಾತಾಡಿದ ಹಾಗೆ. ಎದ್ದು ಬಂದೆ.

ಕಡೂರಿನ ಶೆಡ್ಡು ಹೆದ್ದಾರಿ ಪಕ್ಕದಲ್ಲಿತ್ತು. ನಾಲ್ಕು ಲಾರಿ ಒಟ್ಟಿಗೆ ನಿಲ್ಲಬಹುದು. ಬಣ್ಣದ ಬೋರ್ಡು, ಇಂಜಿನ್ ಎತ್ತುವ ಚೈನ್ ಬ್ಲಾಕು, ಗೋಡೆಗೆ ಹಾರ ಹಾಕಿದ ದೇವರ ಪಟ. ಮೇಸ್ತ್ರಿ ನನಗಿಂತ ಚಿಕ್ಕವನು. ಬೆಳಿಗ್ಗೆಯೇ ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ನಗುಮುಖದವನು. ಮಾತಿಗೊಂದು ಅಣ್ಣ. ನಾನು ಹೋದಾಗ ಮೂವರು ಲಾರಿ ಮಾಲೀಕರು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಒಂದೂ ನಲವತ್ತು ಎಂದ. ಒಂದೂ ಹತ್ತು ಎಂದೆ. ಅವನು ಬೆಂಚಿನ ಕಡೆ ಒಮ್ಮೆ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದ.

"ಇವ್ರ ಮುಂದೆ ಇಳ್ಸಿದ್ರೆ ನಾಳೆ ಎಲ್ರೂ ಅದ್ನೇ ಕೇಳ್ತಾರೆ ಅಣ್ಣಾ. ನೀನು ಸಂತೆ ಕಂಡೋನು. ಟವಲ್ ಕೊಡು."

ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವಲ್ ಹಾಕಿ, ಅದರಡಿಯಲ್ಲಿ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ, ಎಲ್ಲಿ ಒತ್ತಿದ ಎನ್ನುವುದೇ ಬೆಲೆ. ಸುತ್ತ ನಿಂತವರಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ಅಲ್ಲಿ ಆದ ಬೆಲೆಯನ್ನು ಇಬ್ಬರೂ ಹೊರಗೆ ಹೇಳಬಾರದು. ಹೇಳಿದವನ ಜೊತೆ ಆಮೇಲೆ ಯಾರೂ ವ್ಯಾಪಾರ ಮಾಡುವುದಿಲ್ಲ. ಹುಡುಗನಾಗಿದ್ದಾಗಿನಿಂದ ನಾನು ಆ ವಿದ್ಯೆ ಕಲಿತವನು. ಲಕ್ಷ ಹೇಗೂ ಖಾಯಂ, ಮೇಲಿನದಷ್ಟೇ ಬೆರಳಿಗೆ ಬಂತು, ಒಂದು ಬೆರಳಿಗೆ ಹತ್ತು ಸಾವಿರ. ಅವನು ನನ್ನ ನಾಲ್ಕು ಬೆರಳು ಹಿಡಿದ. ನಾನು ಅವನದು ಒಂದು ಹಿಡಿದೆ. ಮೂರಾಯಿತು, ಎರಡಾಯಿತು. ಕೊನೆಗೆ ಒಂದು ಬೆರಳು, ಇನ್ನೊಂದರ ಅರ್ಧಕ್ಕೆ ನನ್ನ ಹೆಬ್ಬೆಟ್ಟಿನ ಒತ್ತು. ಒಂದೂ ಹದಿನೈದು. ಅವನು ಟವಲ್ ಜಾಡಿಸಿ ನಕ್ಕ. ನಾನೂ ನಕ್ಕೆ. ಲಾರಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬರುವಾಗ ಆ ಮುದುಕನಿಗೆ ಹೇಳಿ ಹೊಟ್ಟೆ ಉರಿಸಬೇಕು ಎಂದು ಲೆಕ್ಕ ಹಾಕುತ್ತಾ ಬಂದೆ.

ಹನ್ನೊಂದು ದಿನಕ್ಕೆ ಇಂಜಿನ್ ತಯಾರು. ಅಷ್ಟೂ ದಿನದಲ್ಲಿ ನಾನು ಎರಡು ಸಲ ಹೋಗಿ ಟೀ ಕುಡಿದು ಬಂದಿದ್ದೆ. ಹಳೇ ಸಾಮಾನನ್ನು ಗೋಣಿಚೀಲಕ್ಕೆ ತುಂಬಿ ಮಾಲೀಕನ ಕೈಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ. ಅವನೂ ಕೊಟ್ಟ. ಚೀಲದ ಬಾಯಿ ಬಿಚ್ಚಿ ಅವನೆದುರೇ ಎಣಿಸಿದೆ. ಪಿಸ್ಟನ್ ಆರು, ಅವು ಓಡಾಡುವ ಕೊಳವೆ, ಅಂದರೆ ಲೈನರ್, ಆರು, ಬೇರಿಂಗುಗಳು, ರಿಂಗಿನ ಚೂರುಗಳು.

"ಏನಣ್ಣಾ, ಮೂಟೆ ಎಣ್ಸ್ದಂಗೆ ಎಣ್ಸ್ತೀಯಾ" ಎಂದು ನಕ್ಕ.

ನಗು ಬಂತು ನನಗೂ. ಎಣಿಸಿದೆ, ತಿರುಗಿಸಿ ನೋಡಲಿಲ್ಲ. ಜಾಕಿನ ಮೇಲೆ ಗುರುತು ಹಾಕುವ ಮನುಷ್ಯ, ಟಾರ್ಪಾಲಿಗೆ ಗುರುತು ಹಾಕುವ ಮನುಷ್ಯ, ಒಂದು ಪಿಸ್ಟನ್ನನ್ನು ಮಗುಚಿ ಒಳಗೆ ಇಣುಕಲಿಲ್ಲ. ಹೆಚ್ಚೆಂದರೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಎರಡು ಹಸು.

ವಾರಕ್ಕೇ ನೀಲಿ ಹೊಗೆ ಶುರುವಾಯಿತು. ಆಯಿಲ್ ಕುಡಿಯತೊಡಗಿತು. ಫೋನ್ ಮಾಡಿದರೆ, "ಎಳೇ ಇಂಜಿನ್ ಅಣ್ಣಾ, ರಿಂಗ್ ಇನ್ನೂ ಸೆಟ್ ಆಗ್ಬೇಕು, ಒಂದ್ ನಾಕ್ ಟ್ರಿಪ್ ಓಡ್ಸು" ಎಂದ. ನಾಲ್ಕಲ್ಲ, ಹದಿನಾಲ್ಕು ಓಡಿಸಿದೆ. ನಲವತ್ತೊಂದನೆಯ ದಿನ ಅಜ್ಜಂಪುರದಿಂದ ಶಿವಮೊಗ್ಗಕ್ಕೆ ಈರುಳ್ಳಿ ತುಂಬಿಕೊಂಡು ಹೊರಟವನು ತರೀಕೆರೆ ಮುಟ್ಟುವ ಮೊದಲೇ ಕೆಟ್ಟೆ. ಇಂಜಿನ್ ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು. ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಈರುಳ್ಳಿಯನ್ನು ಬೇರೆ ಲಾರಿಗೆ ಸಾಗಿಸಿದರು. ಆ ಲಾರಿಯವನು ಹೊರಡುವಾಗ ಹಾರ್ನ್ ಹೊಡೆದು ಹೋದ. ಅದೂ ನೆನಪಿದೆ, ಅವನ ಸರದಿಯೂ ಬರುತ್ತದೆ.

ತರೀಕೆರೆಯ ಮೇಸ್ತ್ರಿಯೊಬ್ಬನನ್ನು ಕರೆತಂದೆ. ಅಚ್ಚುಕಟ್ಟಾದ ಮನುಷ್ಯ, ಒಳ್ಳೆಯ ಹೆಸರಿತ್ತು. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದ, ಮೂಸಿ ನೋಡಿದ, ಡಿಪ್‌ಸ್ಟಿಕ್ ಎಳೆದು ಬೆರಳಿನಿಂದ ಉಜ್ಜಿದ.

"ಯಾರು ಕಟ್ಟಿದ್ದು?"

"ಕಡೂರಲ್ಲಿ." ಶೆಡ್ಡು ಯಾವುದೆಂದೂ ಹೇಳಿದೆ.

ಅವನು ಕೈ ಒರೆಸಿಕೊಂಡ. "ಒಳ್ಳೇ ಕೆಲ್ಸಗಾರರು ಕಣ್ರೀ ಅವ್ರು."

"ಹಂಗಾದ್ರೆ ಇದೇನು ಸದ್ದು? ಹರಿಕಥೇನಾ?"

"ಅವ್ರನ್ನೇ ಕೇಳಿ."

"ಬಿಚ್ಚಿ ಒಂದ್ ಮಾತು ಹೇಳಿ ಸಾಕು. ದುಡ್ಡು ಕೊಡ್ತೀನಿ."

"ಅವ್ರು ಕಟ್ಟಿದ್ದು ನಾನು ಬಿಚ್ಚಲ್ಲ ಸ್ವಾಮಿ. ನಾಳೆ ನಾನು ಕಟ್ಟಿದ್ದು ಅವ್ರ ಕೈಗೆ ಹೋಯ್ತದೆ."

ಇದು ಮೇಸ್ತ್ರಿಗಳ ನಡುವಿನ ಕಟ್ಟು. ಒಬ್ಬನ ಕೆಲಸದ ಬಗ್ಗೆ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ನಮ್ಮ ಇಂಜಿನ್ ಹಾಳಾದರೂ ಅವರವರ ಮರ್ಯಾದೆ ಹಾಳಾಗಬಾರದು.

ಮಾರನೇ ದಿನ ಬಸ್ಸು ಹತ್ತಿ ಕಡೂರಿಗೆ ಹೋದೆ. ಅವನದು ಅದೇ ವಿಭೂತಿ, ಅದೇ ನಗು. "ಓವರ್‌ಲೋಡ್ ಹಾಕಿರ್ತೀಯಾ ಅಣ್ಣಾ. ಟೋ ಮಾಡ್ಸ್ಕೊಂಡು ಇಲ್ಲಿಗೆ ತಂದ್ಬಿಡು, ಫ್ರೀಯಾಗಿ ಬಿಚ್ಚಿ ನೋಡ್ತೀನಿ."

ಫ್ರೀ ಎಂಬ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಇಪ್ಪತ್ತೈದು ಸಾವಿರ ಇಳಿಸಲು ಬೆರಳು ಮುರಿಯುವ ಹಾಗೆ ಹಿಡಿದವನು ಈಗ ಫ್ರೀ ಎನ್ನುತ್ತಿದ್ದಾನೆ. ಒಳಗೆ ಏನೋ ಇದೆ, ಅದನ್ನು ಇವನು ಯಾರೂ ಇಲ್ಲದಾಗ ತೆಗೆಯಬೇಕು. "ತರ್ತೀನಿ" ಎಂದು ಹೇಳಿ, ತರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗು ಎಂದರು ಕೆಲವರು. ಹೋಗಿ ಏನು ತೋರಿಸಲಿ? ಟವಲಿಗೆ ರಸೀದಿ ಇರುವುದಿಲ್ಲ.

ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಅಜ್ಜಂಪುರಕ್ಕೆ ತಂದೆ. ಈರುಳ್ಳಿ ಮಂಡಿಯ ಮುಂದೆಯೇ ಹಾದು ಬರಬೇಕಾಯಿತು. ಯಾರು ಯಾರು ನೋಡಿದರು ಎಂಬುದು ಇವತ್ತಿಗೂ ನನಗೆ ಬಾಯಿಪಾಠ. ಮುದುಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಮೂದಲಿಸುತ್ತಾನೆ ಎಂದು ಕಾದೆ. ಮೂದಲಿಸಿದ್ದರೆ ನನಗೂ ಬೈಯಲು ಒಂದು ಅವಕಾಶ ಸಿಗುತ್ತಿತ್ತು.

"ಬಂದ್ಯಾ. ಸ್ಟೂಲು ಅಲ್ಲೈತೆ ನೋಡು."

"ರೇಟು?"

"ಅವತ್ತಿಂದೇ. ಇಳ್ಸೋದೂ ಇಲ್ಲ, ನೀನು ಸಿಗಾಕ್ಕೊಂಡಿದೀಯ ಅಂತ ಏರ್ಸೋದೂ ಇಲ್ಲ."

ಮನೆಯಲ್ಲಿ ಮಾರಲು ಉಳಿದಿದ್ದು ಎರಡು ಸೀಮೆಹಸು. ಎರಡೂ ಹೆಂಡತಿ ಡೈರಿಗೆ ಹಾಲು ಹಾಕಿ ಹಾಕಿ ತಾನೇ ಕೊಂಡವು. ನಾನು ಕೇಳುವ ಮೊದಲೇ ಅವಳೇ ಹಗ್ಗ ಬಿಚ್ಚಿ ಕೈಗೆ ಕೊಟ್ಟಳು.

"ತಗೊಂಡೋಗು. ಆದ್ರೆ ಒಂದ್ ಮಾತು. ಅವ್ನು ನಮ್ಮನ್ನ ನೋಡಿ ನಕ್ಕಿದ್ನಂತಲ್ಲ, ಆ ನಗು ಇಳೀಬೇಕು."

ಅವಳು ಹೇಳದಿದ್ದರೂ ಇಳಿಸುತ್ತಿದ್ದೆ. ಹೇಳಿದ ಮೇಲೆ ಅದು ಕೆಲಸವಾಯಿತು.

ಇಂಜಿನ್ ಬಿಚ್ಚುವ ದಿನ ಮುದುಕ ಹೆಡ್ ತೆಗೆದು, ಕೆಳಗಿನ ಆಯಿಲ್ ಛೇಂಬರ್ ಇಳಿಸಿ, ಒಂದು ಪಿಸ್ಟನ್ ಮೇಲಕ್ಕೆ ತಳ್ಳಿದ. ತಾನು ಹಿಡಿದುಕೊಳ್ಳಲಿಲ್ಲ. "ನೀನೇ ತೆಗಿ."

"ಏನಾಗೈತೆ ಹೇಳಿ ಯಜಮಾನ್ರೇ."

"ನಾನು ಹೇಳಲ್ಲ. ಒಬ್ಬನ ಕೆಲ್ಸದ ಮ್ಯಾಲೆ ಮಾತಾಡೋನಲ್ಲ ನಾನು. ನಿನ್ನ ಇಂಜಿನ್ನು. ನೀನೇ ತೆಗಿ, ನೀನೇ ತೊಳಿ, ನೀನೇ ನೋಡು."

ಆಗ ನನಗೆ ಆ ಸ್ಟೂಲಿನ ಅರ್ಥ ತಿಳಿಯಿತು. ಅವನೂ ಆ ಕಟ್ಟಿಗೆ ಸೇರಿದವನೇ, ಅವನೂ ಬಾಯಿ ಬಿಡುವವನಲ್ಲ. ಅದಕ್ಕೇ ಮಾಲೀಕನ ಕೈಗೇ ಕೊಟ್ಟು ತೊಳೆಸುತ್ತಾನೆ. ಆಮೇಲೆ ಬಾಯಿ ಬೇಕಾಗುವುದಿಲ್ಲ.

ಮೊದಲ ಮೂರು ಪಿಸ್ಟನ್ ಹೊಸವು. ನಾಲ್ಕನೆಯದನ್ನು ಡೀಸೆಲ್ ಬಕೆಟ್ಟಿನಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿ ಮಗುಚಿದೆ. ಒಳಗೆ ಸೊನ್ನೆ. ಸೊನ್ನೆಯೊಳಗೆ ಎರಡು ಗೀಟು. ಐದನೆಯದು, ಆರನೆಯದು, ಎರಡರಲ್ಲೂ ಅದೇ. ಎಂಟು ವರ್ಷ ಹಳೆಯ ನನ್ನ ಪಿಸ್ಟನ್ನುಗಳಿಗೆ ಹೊಸ ರಿಂಗು ತೊಡಿಸಿ, ಅದೇ ಸವೆದ ಲೈನರಿನೊಳಗೆ ವಾಪಸ್ ಕೂರಿಸಿದ್ದ. ಮುದುಕ ನೋಡಿದ. ನೋಡಿ, ಎಲೆ ಅಡಿಕೆ ಹಾಕಿಕೊಂಡ.

ಸಂಜೆಯೊಳಗೆ ಮನೆಗೆ ಓಡಿದೆ. ಕಡೂರಿನ ಗೋಣಿಚೀಲ ಖಾಲಿ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಗುಜರಿಯವನು ಕೆ.ಜಿ.ಗೆ ಹೇಳಿದ ಬೆಲೆ ಸಾಲದೆಂದು ಮಾರಿರಲಿಲ್ಲ. ನನ್ನ ಜಿಪುಣತನ ನನ್ನನ್ನು ಕಾಪಾಡಿದ್ದು ಇಡೀ ಕಥೆಯಲ್ಲಿ ಅದೊಂದೇ ಸಲ. ಹಸು ನಿಲ್ಲುತ್ತಿದ್ದ ಜಾಗದಲ್ಲಿ ಚೀಲ ಸುರಿದೆ. ಮೂರು ಪಿಸ್ಟನ್ನಿನಲ್ಲಿ ನನ್ನ ಗುರುತು. ಇನ್ನು ಮೂರರಲ್ಲಿ ಏನೂ ಇಲ್ಲ. ಆ ಮೂರು ನನ್ನ ಲಾರಿಯವೇ ಅಲ್ಲ. ಎಣಿಕೆ ಸರಿಹೋಗಲಿ ಎಂದು ಯಾವುದೋ ಲಾರಿಯವನ್ನು ಚೀಲಕ್ಕೆ ಸೇರಿಸಿದ್ದ.

ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಹಂಗಾದ್ರೆ ಈ ಮೂರು ಯಾರವು?"

ಅದೇ ಪ್ರಶ್ನೆ. ಅದನ್ನು ಅವಳು ಕೇಳಿದ ಕ್ಷಣದಲ್ಲೇ ಎಲ್ಲಿ, ಯಾರೆದುರು ಕೇಳಬೇಕು ಎನ್ನುವುದು ನನಗೆ ಹೊಳೆಯಿತು. ಕೂಡಲೇ ಹೋಗಿ ಜಗಳವಾಡಿದ್ದರೆ ಒಂದು ದಿನದ ಗಲಾಟೆ. ನವರಾತ್ರಿಗೆ ಇನ್ನೂ ತಿಂಗಳಿತ್ತು, ಅಷ್ಟರಲ್ಲಿ ಮುದುಕನ ಕೆಲಸವೂ ಮುಗಿಯುತ್ತಿತ್ತು. ಕಾದೆ. ದಿನಾ ಬೆಳಿಗ್ಗೆ ಹೆಂಡತಿ ಪ್ಯಾಕೆಟ್ ಹಾಲಿನ ಟೀ ತಂದಿಟ್ಟು, "ಹೆಂಗೈತೆ?" ಎನ್ನುತ್ತಿದ್ದಳು. ನೀರಿನ ಹಾಗಿರುತ್ತಿತ್ತು. ನನ್ನ ಸಿಟ್ಟು ಆರದಂತೆ ನೋಡಿಕೊಂಡಿದ್ದು ಆ ಟೀ.

ಆಯುಧಪೂಜೆಯ ದಿನ ಕಡೂರಿನ ಆ ಶೆಡ್ಡಿನಲ್ಲಿ ದೊಡ್ಡ ಕಾರ್ಯಕ್ರಮ. ಅವನಲ್ಲಿ ಕೆಲಸ ಮಾಡಿಸಿದ ಮಾಲೀಕರೆಲ್ಲ ಲಾರಿ ತೊಳೆದು, ಬಾಳೆಕಂದು ಕಟ್ಟಿ, ಸಾಲಾಗಿ ತಂದು ನಿಲ್ಲಿಸುತ್ತಾರೆ. ಹಲಗೆಯ ಮೇಲೆ ಸ್ಪ್ಯಾನರು, ಸುತ್ತಿಗೆ, ಗೇಜುಗಳನ್ನೆಲ್ಲ ಜೋಡಿಸಿ ಪೂಜೆ. ನಾನೂ ಚೆಂಡುಹೂವಿನ ಹಾರ ಹಾಕಿ ನನ್ನ ಲಾರಿ ತೆಗೆದುಕೊಂಡು ಹೋದೆ. ಬೇಕೆಂದೇ ಗೇಟಿನ ಹತ್ತಿರ ಒಂದು ಸಲ ಆಕ್ಸಿಲರೇಟರ್ ಒತ್ತಿದೆ. ಸೈಲೆನ್ಸರಿನಿಂದ ಒಂದು ಎಳೆ ನೀಲಿ ಹೊಗೆ ಇಲ್ಲ. ಮೇಸ್ತ್ರಿಯ ಮುಖ ನೋಡಬೇಕಿತ್ತು ನೀವು.

"ಓಹೋ ಅಣ್ಣಾ! ಸರಿಹೋಯ್ತಲ್ಲ! ಹೇಳಿರ್ಲಿಲ್ವಾ, ಸೆಟ್ ಆಯ್ತದೆ ಅಂತ."

"ಸೆಟ್ ಆಯ್ತು ಕಣಪ್ಪಾ. ಪೂಜೆಗೆ ನಂದೂ ಒಂದಷ್ಟು ಆಯುಧ ಐತೆ."

ಚೀಲದಿಂದ ಒಂಬತ್ತು ಪಿಸ್ಟನ್ ತೆಗೆದು ಅವನ ಹಲಗೆಯ ಮೇಲೆ, ಸ್ಪ್ಯಾನರುಗಳ ಪಕ್ಕದಲ್ಲಿ, ಮಗುಚಿ ಜೋಡಿಸಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಿ ಮಾಡಿಕೊಂಡು ಹೋಗಿದ್ದೆ. ಎಲ್ಲಕ್ಕೂ ವಿಭೂತಿ ಪಟ್ಟೆ. ಅಲ್ಲಿದ್ದವರಲ್ಲಿ ಅರ್ಧ ಜನ ಎಂದಾದರೊಮ್ಮೆ ನನ್ನ ಜಾಕ್ ಎರವಲು ತೆಗೆದುಕೊಂಡವರು. ಆ ಸೊನ್ನೆ, ಆ ಎರಡು ಗೀಟು ಯಾರದೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

"ಈ ಮೂರು ನೀನು ಚೀಲದಲ್ಲಿ ಕೊಟ್ಟಿದ್ದು" ಎಂದೆ. "ನಂದೇ, ಸರಿ. ಈ ಮೂರು ನೀನು ಕಟ್ಟಿದ ಹೊಸ ಇಂಜಿನ್ ಒಳಗಿಂದ ಬಂದಿದ್ದು. ಅವೂ ನಂದೇ. ಹೆಂಗೆ ಬಂದ್ವು ಅಂತ ಆಮೇಲೆ ಹೇಳು. ಇನ್ನು ಇವು ಮೂರೂ ನೀನೇ ಚೀಲದಲ್ಲಿ ಹಾಕಿ ಕೊಟ್ಟಿದ್ದು. ನಂದಲ್ಲ. ಇಲ್ಲಿರೋ ಯಾರವಪ್ಪಾ ಇವು?"

ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು, ಯಾರೂ ಕೈ ಒಡ್ಡಲಿಲ್ಲ. ಅವತ್ತು ಬೆಂಚಿನ ಮೇಲೆ ಟೀ ಕುಡಿದಿದ್ದ ಮೂವರೂ ಅಲ್ಲಿದ್ದರು. ಅವರಲ್ಲಿ ದಪ್ಪನೆಯವನೊಬ್ಬ ಮುಂದೆ ಬಂದು ಒಂದು ಪಿಸ್ಟನ್ ಎತ್ತಿ ತಿರುಗಿಸಿ ನೋಡಿದ. ಅವನ ಮನಸ್ಸು ಅವನ ಮನೆಯ ಚೀಲದ ಕಡೆಗೆ ಹೋಗಿದ್ದು ನನಗೆ ಕಾಣಿಸುತ್ತಿತ್ತು.

"ಏನ್ಲಾ ಇದು?" ಎಂದು ಅವನು ಮೇಸ್ತ್ರಿಯನ್ನು ಕೇಳಿದ.

ಮೇಸ್ತ್ರಿ ಮೊದಲು ನಕ್ಕ. ಆಮೇಲೆ ತಮಾಷೆ ಎಂದ. ಆಮೇಲೆ ನಾನೇ ಗೀಚಿಕೊಂಡು ತಂದಿದ್ದೇನೆ ಎಂದ. "ಕರ್ಪೂರದ ಮ್ಯಾಲೆ ಕೈ ಇಟ್ಟು ಹೇಳ್ಬಿಡು, ಎತ್ಕೊಂಡು ಹೋಗ್ತೀನಿ" ಎಂದೆ. ಇಡಲಿಲ್ಲ. ಇಟ್ಟಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವನು ಕೈ ಇಡುವ ಬದಲು ಬಾಯಿ ಬಿಟ್ಟ.

"ಏನ್ ದೊಡ್ಡ ಮನುಷ್ಯನಂಗೆ ಮಾತಾಡ್ತಿದೀಯಾ? ನೀನೆಷ್ಟು ಕೊಟ್ಟೆ ಅಂತಾನೂ ಹೇಳು! ಒಂದೂ ಹದಿನೈದು! ಒಂದೂ ಹದಿನೈದಕ್ಕೆ ಆರೂ ಹೊಸ ಪಿಸ್ಟನ್ ಹಾಕೋಕೆ ನಾನೇನು ಛತ್ರ ನಡೆಸ್ತಿದೀನಾ?"

ಟವಲಿನ ಬೆಲೆ ಬಯಲಿಗೆ ಬಿತ್ತು. ಅದರ ಜೊತೆಗೇ ಅವನೂ ಬಿದ್ದ. ಹಾಕಿಲ್ಲ ಎಂದು ಅವನ ಬಾಯಿಂದಲೇ ಬಂತಲ್ಲ.

ದಪ್ಪನೆಯವನು ಪಿಸ್ಟನ್ ಕೆಳಗಿಟ್ಟ. "ಇವ್ನಿಗೆ ಒಂದೂ ಹದಿನೈದು. ನನ್ನತ್ರ ಒಂದೂ ನಲ್ವತ್ತು ಕಿತ್ತೆ. ಹಂಗಾದ್ರೆ ನಂದ್ರಲ್ಲಿ ಆರೂ ಹೊಸಾವಾ?"

"ನಿಂದ್ರಲ್ಲಿ ಹಾಕಿದೀನಿ ಅಣ್ಣಾ..."

"ಹಂಗಂದ್ರೆ ಇವ್ನದ್ರಲ್ಲಿ ಹಾಕಿಲ್ಲ ಅಂತಾಯ್ತು" ಎಂದು ಹಿಂದಿನಿಂದ ಯಾರೋ ಹೇಳಿದರು. ಜನ ನಕ್ಕರು. ಅಷ್ಟು ದಿನ ಅವನದಾಗಿದ್ದ ನಗು ಅವತ್ತು ಬೇರೆಯವರ ಪಾಲಾಯಿತು. ಕುಂಬಳಕಾಯಿ ಒಡೆಯುವುದನ್ನೂ ನೋಡದೆ ಇಬ್ಬರು ಲಾರಿ ತಿರುಗಿಸಿಕೊಂಡು ಹೋದರು. ನಾನು ಮಾತ್ರ ಕೊನೆಯವರೆಗೂ ಕೂತು, ಮಂಡಕ್ಕಿ ಕಡಲೆ ತಿಂದು, ನನ್ನ ಆರು ಪಿಸ್ಟನ್ ಚೀಲಕ್ಕೆ ಹಾಕಿಕೊಂಡು ಬಂದೆ. ಇನ್ನು ಮೂರನ್ನು ಅಲ್ಲೇ, ಅವನ ದೇವರ ಪಟದ ಎದುರಿಗೇ ಬಿಟ್ಟೆ.

ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ. ಒಬ್ಬೊಬ್ಬರೂ ಅವರವರ ಚೀಲ ಸುರಿದುಕೊಂಡು ಕೂತರು. ಚೀಲವನ್ನು ಗುಜರಿಗೆ ಹಾಕಿದವರಿಗೆ ಇನ್ನೂ ಹೆಚ್ಚು ಅನುಮಾನ. ಅವನು ನಿಜಕ್ಕೂ ನೆಟ್ಟಗೆ ಮಾಡಿದ ಕೆಲಸಗಳನ್ನೂ ಜನ ನಂಬದಾದರು. ಅಯ್ಯೋ ಪಾಪ ಎನ್ನಿಸಲಿಲ್ಲವೇ ಎಂದು ಕೇಳಿದವರಿದ್ದಾರೆ. ಇಲ್ಲ.

ದೀಪಾವಳಿ ಕಳೆದು ಒಂದು ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಹಣೆಯಲ್ಲಿ ವಿಭೂತಿ ಇರಲಿಲ್ಲ. ಜಗಲಿಯ ಮೇಲೆ ಕೂತು ಸುಮ್ಮನೆ ಹೆಗಲಿನ ಟವಲ್ ತೆಗೆದು ನನ್ನ ಕಡೆ ಚಾಚಿದ. ದುಡ್ಡು ವಾಪಸ್ ಕೊಡಲು ಬಂದಿದ್ದಾನೆ, ಎಷ್ಟು ಎನ್ನುವುದನ್ನು ಬೆರಳಿನಲ್ಲಿ ಮುಗಿಸಬೇಕು, ಆಮೇಲೆ ನಾನು ನಾಲ್ಕು ಜನರ ಹತ್ತಿರ ರಾಜಿಯಾಯಿತು ಎನ್ನಬೇಕು. ಇಷ್ಟೂ ನನಗೆ ಅರ್ಥವಾಯಿತು.

"ಬಾಯಲ್ಲಿ ಹೇಳು" ಎಂದೆ.

"ಕೈ ಕೊಡು ಅಣ್ಣಾ."

"ಮಂಡಿ ಮುಂದೆ ಬಾ. ಇಷ್ಟು ಹಾಕ್ಲಿಲ್ಲ, ಇಷ್ಟು ವಾಪಸ್ ಕೊಡ್ತಿದೀನಿ ಅಂತ ಜೋರಾಗಿ ಹೇಳು. ಇಸ್ಕೊಂತೀನಿ."

ಅವನು ಟವಲ್ ಮಡಿಚಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಹೊರಗೆ ಬಂದಳು. "ಹಸು ಬಾಗ್ಲಿಗೆ ಬಂದಿತ್ತು. ನೀನು ಓಡ್ಸ್ದೆ."

"ನಗು ಇಳೀಬೇಕು ಅಂದೋಳು ನೀನೇ."

"ಇಳ್ದಿತ್ತಲ್ಲೋ ಮಾರಾಯ, ಆಯುಧಪೂಜೆ ದಿನವೇ ಇಳ್ದಿತ್ತು. ಆಮ್ಯಾಲಿಂದು ನಿನ್ನ ಖುಷಿಗೆ."

ಅವಳು ಹೇಳಿದ್ದು ನಿಜ. ಈರುಳ್ಳಿ ಸೀಸನ್ನಿನ ಬಾಡಿಗೆಯಲ್ಲಿ ಒಂದು ಹಸು ಕಟ್ಟಿದೆ, ಇನ್ನೊಂದು ಗೂಟ ಇನ್ನೂ ಖಾಲಿ ಇದೆ. ಕೈ ಚಾಚಿದ್ದರೆ ಅದೂ ತುಂಬುತ್ತಿತ್ತು. ಆದರೂ ಅವತ್ತು ಅವನು ಟವಲ್ ಮಡಿಚಿದ್ದನ್ನು ನೆನೆದರೆ ನನಗೆ ಈಗಲೂ ಒಳ್ಳೆಯ ನಿದ್ದೆ ಬರುತ್ತದೆ. ಯುಗಾದಿಯ ಹೊತ್ತಿಗೆ ಅವನು ಶೆಡ್ ಖಾಲಿ ಮಾಡಿದ. ಅಲ್ಲೀಗ ಟೈಲ್ಸ್ ಅಂಗಡಿ. ನಮ್ಮ ಬಚ್ಚಲಿಗೆ ಟೈಲ್ಸ್ ಬೇಕಾದಾಗ ಬೀರೂರಿನಲ್ಲಿ ಕಡಿಮೆಗೆ ಸಿಗುತ್ತದೆ ಎಂದರು. ನಾನು ಕಡೂರಿಗೇ ಹೋಗಿ, ಅದೇ ಜಾಗದಲ್ಲಿ ನಿಂತು, ಆರಿಸಿ ತಂದೆ. ಪ್ರತಿ ಬೆಳಿಗ್ಗೆ ಅದರ ಮೇಲೆ ಕಾಲಿಟ್ಟು ಸ್ನಾನ ಮಾಡುತ್ತೇನೆ.

ಈಗ ನಿಮ್ಮ ವಿಷಯ. ಹಳೇ ಲಾರಿ ಇಟ್ಟುಕೊಂಡಿದ್ದೀರಿ, ಇಂಜಿನ್ ಕಟ್ಟಿಸಬೇಕು. ಬೋರ್ಡು ನೋಡಬೇಡಿ, ಹಣೆಯನ್ನೂ ನೋಡಬೇಡಿ. ನಿಮ್ಮನ್ನು ಕೂರಿಸಲು ಅಲ್ಲೊಂದು ಸ್ಟೂಲು ಇದೆಯೇ ನೋಡಿ. ನೀವಿಲ್ಲದಾಗ ಕೆಲಸ ಮಾಡುತ್ತೇನೆ, ನೀವ್ಯಾಕೆ ಬಿಸಿಲಲ್ಲಿ ಬರುತ್ತೀರಿ ಎಂದು ಉಪಚಾರ ಮಾಡುವವನ ಹತ್ತಿರ ಲಾರಿ ಬಿಡಬೇಡಿ. ಸಾಮಾನು ನೀವೇ ಕೊಂಡು ತನ್ನಿ, ಡಬ್ಬಿಯನ್ನು ನಿಮ್ಮೆದುರೇ ಒಡೆಸಿ. ಹೊಸ ಪಿಸ್ಟನ್ನುಗಳ ಒಳಮೈಗೆ ಮೊಳೆಯಿಂದ ಮೆಲ್ಲಗೆ ನಿಮ್ಮದೊಂದು ಗುರುತು ಗೀಚಿ, ಆಳವಾಗಿ ಬೇಡ. ಹಳೇ ಸಾಮಾನಿನ ಚೀಲ ಕೈಗೆ ಬಂದಾಗ ಎಣಿಸಿ, ಎಣಿಸಿದ ಮೇಲೆ ಒಂದೊಂದನ್ನೂ ಮಗುಚಿ ನೋಡಿ, ಆರು ತಿಂಗಳು ಗುಜರಿಗೆ ಹಾಕಬೇಡಿ. ಮೊದಲ ವಾರದಲ್ಲೇ ನೀಲಿ ಹೊಗೆ ಬಂದರೆ ಸೆಟ್ ಆಗುತ್ತದೆ ಎನ್ನುವ ಮಾತು ನಂಬಿ ನನ್ನ ಹಾಗೆ ಲೋಡು ಹೊಡೆಯಬೇಡಿ. ಬಿಚ್ಚಿಸುವುದಾದರೆ ಕಟ್ಟಿದವನ ಹತ್ತಿರ ಬಿಚ್ಚಿಸಬೇಡಿ.

ಚೌಕಾಸಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಟಯರಿಗೆ ಮಾಡಿ, ಟಾರ್ಪಾಲಿಗೆ ಮಾಡಿ, ಬಾಡಿಗೆಗೆ ಮಾಡಿ. ಮುಚ್ಚಿದ ಮೇಲೆ ಒಳಗೇನಿದೆ ಎಂದು ಕಾಣಿಸದ ಕೆಲಸಕ್ಕೆ ಮಾತ್ರ ಬೇಡ; ಇಳಿಸಿದ್ದನ್ನು ಅವನು ಒಳಗಿನಿಂದಲೇ ತೆಗೆದುಕೊಳ್ಳುತ್ತಾನೆ. ಏನೇ ಬೆಲೆಯಾದರೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಿಸಿ, ಚೀಟಿಯಲ್ಲಿ ಬರೆಸಿ. ಯಾರಾದರೂ ನಿಮಗೊಬ್ಬರಿಗೇ ಕಡಿಮೆ ಎಂದು ಕಿವಿಯಲ್ಲಿ ಹೇಳಿ ಟವಲ್ ಚಾಚಿದರೆ, ಅದರಲ್ಲಿ ಕೈ ಒರೆಸಿಕೊಂಡು ವಾಪಸ್ ಕೊಡಿ.